ವಿಶ್ವವಿದ್ಯಾಲಯದ ಬಾಗಿಲು ಮತ್ತು ಇಂಗ್ಲಿಷ್‌ನ ಅರ್ಧ ಗಂಟೆ

ಪಿಯುಸಿ ಫಲಿತಾಂಶ ಪ್ರಕಟವಾಗುವುದರೊಂದಿಗೆ ನಮ್ಮ ಊರುಗಳಲ್ಲಿ ಅಭಿನಂದನಾ ಸಭೆಗಳು ಆರಂಭವಾಗುತ್ತವೆ. ಜಮಾಅತ್ ಕಮಿಟಿಗಳು, ಯುವಕ ಸಂಘಗಳು, ಗಲ್ಫ್‌ನಲ್ಲಿರುವ ಊರವರ ಒಕ್ಕೂಟಗಳು ಹೆಚ್ಚು ಅಂಕ ಗಳಿಸಿದ ಮಕ್ಕಳನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಸ್ಮರಣಿಕೆ ನೀಡಿ ಗೌರವಿಸುತ್ತವೆ. ಇದು ಖಂಡಿತ ಸಂತೋಷದ ಸಂಗತಿ. ಮಕ್ಕಳನ್ನು, ಅದರಲ್ಲೂ ಹೆಣ್ಣು ಮಕ್ಕಳನ್ನು ಹತ್ತನೇ ತರಗತಿಯ ಬಳಿಕ ಮನೆಯಲ್ಲಿ ಕೂರಿಸುತ್ತಿದ್ದ ಕಾಲವೊಂದಿತ್ತು. ಅದನ್ನು ದಾಟಿ ಬಂದ ಸಮುದಾಯ ಹೆಮ್ಮೆಪಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಶಾಲು ಹೊದಿಸಿಕೊಂಡ ಆ ಮಕ್ಕಳು ಅಲ್ಲಿಂದ ಮುಂದೆ ಎಲ್ಲಿಗೆ ಹೋದರು ಎಂದು ನಾವೆಂದಾದರೂ ವಿಚಾರಿಸಿದ್ದೇವೆಯೇ? ಅವರಲ್ಲಿ ಎಷ್ಟು ಮಂದಿ ಕೇಂದ್ರೀಯ ವಿಶ್ವವಿದ್ಯಾಲಯಗಳ, ರಾಷ್ಟ್ರೀಯ ಕಾನೂನು ಶಾಲೆಗಳ, ವಿದೇಶದ ಉತ್ತಮ ವಿಶ್ವವಿದ್ಯಾಲಯಗಳ ಮೆಟ್ಟಿಲು ಹತ್ತಿದರು?

ಅಂಕಿ-ಅಂಶಗಳು ಸಮಾಧಾನ ತರುವಂತಿಲ್ಲ. ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ 25 ವಿದ್ಯಾರ್ಥಿಗಳಿಗೆ ಒಬ್ಬ, ಸ್ನಾತಕೋತ್ತರ ತರಗತಿಗಳಲ್ಲಿ 50 ವಿದ್ಯಾರ್ಥಿಗಳಿಗೆ ಒಬ್ಬ ಮಾತ್ರ ಮುಸ್ಲಿಮ್ ಎಂದು ಸಾಚಾರ್ ಸಮಿತಿಯ ವರದಿ 2006ರಲ್ಲಿ ದೇಶದ ಮುಂದಿಟ್ಟಿತು. ಆ ಬಳಿಕ ಅನೇಕ ಚರ್ಚೆ, ಸಮಾವೇಶ, ಘೋಷಣೆಗಳಾದುವು. ಆದರೆ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ, ದೇಶದ ಸುಮಾರು 4.33 ಕೋಟಿ ವಿದ್ಯಾರ್ಥಿಗಳಲ್ಲಿ ಮುಸ್ಲಿಮರ ಸಂಖ್ಯೆ ಸುಮಾರು 21 ಲಕ್ಷ. ಅಂದರೆ ಶೇ. 5ಕ್ಕೂ ಕಡಿಮೆ. 2011ರ ಜನಗಣತಿಯಂತೆ ಈ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರ ಪಾಲು ಶೇ. 14.2. ಜನಸಂಖ್ಯೆಯ ಪಾಲಿನ ಮೂರನೇ ಒಂದರಷ್ಟು ಮಕ್ಕಳಷ್ಟೇ ಉನ್ನತ ಶಿಕ್ಷಣದ ತರಗತಿಯಲ್ಲಿದ್ದಾರೆ ಎಂದಾದರೆ, ಉಳಿದವರು ಎಲ್ಲಿ ಕಳೆದುಹೋದರು?

ಇದಕ್ಕೆ ಬಡತನ ಕಾರಣ. ತಾರತಮ್ಯ ಕಾರಣ. ಆಡಳಿತದ ಧೋರಣೆಯೂ ಕಾರಣ. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗೆ ನೀಡಲಾಗುತ್ತಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ವಿದೇಶದಲ್ಲಿ ಓದಲು ಬ್ಯಾಂಕಿನಿಂದ ಪಡೆದ ಸಾಲದ ಬಡ್ಡಿಗೆ ನೆರವಾಗುತ್ತಿದ್ದ ‘ಪಢೋ ಪರದೇಶ್’ ಯೋಜನೆಯೂ 2022-23ರಲ್ಲಿ ಕೊನೆಗೊಂಡಿತು. ಅದೇ 2022ರಲ್ಲಿ ನಮ್ಮ ರಾಜ್ಯದಲ್ಲಿ ಶಿರವಸ್ತ್ರದ ಹೆಸರಲ್ಲಿ ಹೆಣ್ಣು ಮಕ್ಕಳನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಿದ ದೃಶ್ಯಗಳನ್ನು ಯಾರೂ ಮರೆತಿಲ್ಲ. ಇವೆಲ್ಲವನ್ನೂ ಪ್ರಶ್ನಿಸಲೇಬೇಕು, ಪ್ರಶ್ನಿಸುತ್ತಲೇ ಇರಬೇಕು. ಆದರೆ ನ್ಯಾಯಾಲಯದ ತೀರ್ಪಿಗಾಗಲಿ, ಚುನಾವಣೆಯ ಫಲಿತಾಂಶಕ್ಕಾಗಲಿ ಕಾಯಬೇಕಿಲ್ಲದ, ಸಂಪೂರ್ಣವಾಗಿ ನಮ್ಮ ಕೈಯಲ್ಲೇ ಇರುವ ಕಾರಣವೂ ಒಂದಿದೆ. ಅದರ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ. ಇಂಗ್ಲಿಷನ್ನು ಕೇಳಿ ತಿಳಿಯುವ ಮತ್ತು ಓದಿ ಗ್ರಹಿಸುವ ಸಾಮರ್ಥ್ಯ ನಮ್ಮ ಮಕ್ಕಳಲ್ಲಿ ಬೆಳೆಯದೇ ಇರುವುದೇ ಆ ಕಾರಣ.

ನಮ್ಮ ಪೋಷಕರಿಗೆ ಪ್ರವೇಶ ಪರೀಕ್ಷೆ ಎಂದರೆ ಎರಡೇ: ಕೆಸಿಇಟಿ ಮತ್ತು ನೀಟ್. ಈ ಎರಡರಲ್ಲೂ ಇಂಗ್ಲಿಷ್ ಭಾಷೆಗೆಂದು ಪ್ರತ್ಯೇಕ ಪ್ರಶ್ನೆಗಳಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಅಥವಾ ಜೀವಶಾಸ್ತ್ರದಲ್ಲಿ ಅಂಕ ಬಂದರೆ ಸಾಕು. ಆದ್ದರಿಂದ ಇಂಗ್ಲಿಷ್ ಎಂದರೆ ಪಾಸಾದರೆ ಮುಗಿಯುವ ವಿಷಯ ಎಂಬ ಭಾವನೆ ಮನೆಗಳಲ್ಲೂ ಕಾಲೇಜುಗಳಲ್ಲೂ ಬೇರೂರಿದೆ. ಆದರೆ ಈ ಎರಡು ಪರೀಕ್ಷೆಗಳ ಆಚೆಗೂ ಒಂದು ಪ್ರಪಂಚವಿದೆ. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಸೇರಿದಂತೆ ದೇಶದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕಾಗಿ 2022ರಿಂದ ಸಿಯುಇಟಿ ಎಂಬ ಸಾಮಾನ್ಯ ಪರೀಕ್ಷೆ ನಡೆಯುತ್ತಿದೆ. ಅದರ ಇಂಗ್ಲಿಷ್ ಪತ್ರಿಕೆಯಲ್ಲಿ, 2025ರಿಂದ ಜಾರಿಗೆ ಬಂದ ಕ್ರಮದಂತೆ, 60 ನಿಮಿಷಗಳಲ್ಲಿ 50 ಪ್ರಶ್ನೆಗಳಿಗೆ ಉತ್ತರಿಸಬೇಕು. ಎಂದೂ ನೋಡಿರದ ಗದ್ಯಭಾಗಗಳನ್ನು ಓದಿ ಗ್ರಹಿಸುವುದೇ ಅದರ ಮುಖ್ಯ ಅಂಗ. ಸರಿಯುತ್ತರಕ್ಕೆ 5 ಅಂಕ. ತಪ್ಪಿದರೆ 1 ಅಂಕ ಕಡಿತ.

ಕಾನೂನು ಶಾಲೆಗಳ ಪ್ರವೇಶಕ್ಕೆ ನಡೆಯುವ ಕ್ಲಾಟ್ ಪರೀಕ್ಷೆಯಂತೂ ಆದಿಯಿಂದ ಅಂತ್ಯದವರೆಗೆ ಓದಿನದ್ದೇ ಪರೀಕ್ಷೆ. ಎರಡು ಗಂಟೆ, 120 ಪ್ರಶ್ನೆ. ಇಂಗ್ಲಿಷ್ ವಿಭಾಗದ ಒಂದೊಂದು ಗದ್ಯಭಾಗವೂ ಸುಮಾರು 450 ಪದಗಳದ್ದು. ಪ್ರಚಲಿತ ವಿದ್ಯಮಾನ, ಕಾನೂನು, ತರ್ಕ ಈ ಎಲ್ಲ ವಿಭಾಗಗಳಲ್ಲೂ ಮೊದಲು ಗದ್ಯಭಾಗ ಓದಬೇಕು, ಬಳಿಕ ಉತ್ತರಿಸಬೇಕು. ಈ ಪರೀಕ್ಷೆ ನಡೆಯುವುದು ಇಂಗ್ಲಿಷ್‌ನಲ್ಲಿ ಮಾತ್ರ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು ರಾಜ್ಯದಲ್ಲಿ ಕನಿಷ್ಠ 10 ವರ್ಷ ಓದಿದ ವಿದ್ಯಾರ್ಥಿಗಳಿಗಾಗಿ ಶೇ. 25ರಷ್ಟು ಸೀಟುಗಳನ್ನು ಮೀಸಲಿಡುವ ಕ್ರಮವನ್ನು 2021ರಲ್ಲಿ ಆರಂಭಿಸಿದೆ. ಇದು ನಮ್ಮ ರಾಜ್ಯದ ಮಕ್ಕಳಿಗೆ ತೆರೆದಿಟ್ಟ ಬಾಗಿಲು. ದಿನಬೆಳಗಾದರೆ ನ್ಯಾಯಾಲಯದ ಕದ ತಟ್ಟಬೇಕಾಗಿ ಬರುವ ಸಮುದಾಯವೊಂದು ಈ ಬಾಗಿಲಿನ ಬಗ್ಗೆ ಏನೂ ಅರಿಯದಂತಿರುವುದು ವಿಪರ್ಯಾಸವಲ್ಲವೇ?

ಇನ್ನು, ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳಂಥ ದೇಶಗಳಲ್ಲಿ ಓದಬಯಸುವವರು ಐಇಎಲ್‌ಟಿಎಸ್‌ನಂಥ ಪರೀಕ್ಷೆ ಬರೆಯಬೇಕಾಗುತ್ತದೆ. ಇಲ್ಲಿ ಓದಿನ ಜೊತೆಗೆ ಆಲಿಸುವಿಕೆಯೂ ಪರೀಕ್ಷೆಗೊಳಗಾಗುತ್ತದೆ. ಸುಮಾರು 30 ನಿಮಿಷಗಳ ಧ್ವನಿಮುದ್ರಣ, ನಾಲ್ಕು ಭಾಗ, 40 ಪ್ರಶ್ನೆ. ಮೊದಲೆರಡು ಭಾಗಗಳು ದಿನನಿತ್ಯದ ವ್ಯವಹಾರದ ಮಾತು. ಕೊನೆಯ ಎರಡು ಭಾಗಗಳು ಅಧ್ಯಯನಕ್ಕೆ ಸಂಬಂಧಿಸಿದ ಚರ್ಚೆ ಮತ್ತು ಉಪನ್ಯಾಸ. ಧ್ವನಿಮುದ್ರಣವನ್ನು ಕೇಳಿಸುವುದು ಒಂದೇ ಒಂದು ಬಾರಿ. ಬ್ರಿಟಿಷರ ಉಚ್ಚಾರ ಒಂದು ಬಗೆ, ಆಸ್ಟ್ರೇಲಿಯನ್ನರದ್ದು ಇನ್ನೊಂದು, ಅಮೆರಿಕನ್ನರದ್ದು ಮತ್ತೊಂದು. ಬಳಿಕ 60 ನಿಮಿಷಗಳ ಓದಿನ ಪರೀಕ್ಷೆ: ಮೂರು ದೀರ್ಘ ಗದ್ಯಭಾಗ, 40 ಪ್ರಶ್ನೆ. ಅಂಕ 9ರ ಶ್ರೇಣಿಯಲ್ಲಿ. ಹೆಚ್ಚಿನ ವಿಶ್ವವಿದ್ಯಾಲಯಗಳು 6ರಿಂದ 7ರವರೆಗಿನ ಶ್ರೇಣಿ ಕೇಳುತ್ತವೆ. ಒಮ್ಮೆ ಬರೆಯಲು ತಗಲುವ ಶುಲ್ಕವೇ 15 ಸಾವಿರ ರೂಪಾಯಿಗೂ ಮಿಕ್ಕಿದೆ. ಅರ್ಧ ಅಂಕಕ್ಕಾಗಿ ಎರಡನೇ ಬಾರಿ ಬರೆಯುವುದೆಂದರೆ ಮಧ್ಯಮ ವರ್ಗದ ಕುಟುಂಬವೊಂದರ ಒಂದು ತಿಂಗಳ ಖರ್ಚು.

ಇಲ್ಲಿ ಒಂದು ಪ್ರಶ್ನೆ ಸಹಜ. ಪಿಯುಸಿ ಇಂಗ್ಲಿಷ್‌ನಲ್ಲಿ 90ಕ್ಕೂ ಮಿಕ್ಕಿ ಅಂಕ ಪಡೆದ ಮಗು ಈ ಪರೀಕ್ಷೆಗಳಲ್ಲಿ ಎಡವುವುದೇಕೆ? ಉತ್ತರ ಸರಳ. ನಮ್ಮ ಮಕ್ಕಳು ಕಲಿತದ್ದು ಇಂಗ್ಲಿಷ್ ಪಾಠಗಳನ್ನೇ ಹೊರತು ಇಂಗ್ಲಿಷನ್ನಲ್ಲ. ಪಾಠದ ಸಾರಾಂಶವನ್ನು ಗೈಡಿನಿಂದ ಕಂಠಪಾಠ ಮಾಡಲಾಗಿದೆ. ಪ್ರಶ್ನೆ ಯಾವ ಪಾಠದ್ದು ಎಂದು ಗುರುತಿಸಿದರೆ ಉತ್ತರ ತಾನಾಗಿ ಬರುತ್ತದೆ. ಆದರೆ ಪ್ರವೇಶ ಪರೀಕ್ಷೆಯ ಗದ್ಯಭಾಗಕ್ಕೆ ಗೈಡ್ ಇಲ್ಲ. ಅದು ಇಂದು ಪ್ರವಾಹದ ಬಗ್ಗೆ ಇದ್ದರೆ ನಾಳೆ ಬ್ಯಾಂಕಿನ ಬಗ್ಗೆ, ನಾಡಿದ್ದು ಹಕ್ಕಿಗಳ ವಲಸೆಯ ಬಗ್ಗೆ. ಮಗು ಒಂದೊಂದು ವಾಕ್ಯವನ್ನೂ ಮನಸ್ಸಿನೊಳಗೆ ಕನ್ನಡಕ್ಕೋ ಉರ್ದುವಿಗೋ ಭಾಷಾಂತರಿಸುತ್ತಾ ಹೋಗುತ್ತದೆ. ಮೂರನೇ ವಾಕ್ಯಕ್ಕೆ ಬರುವಾಗ ಮೊದಲನೆಯದು ಮರೆತಿರುತ್ತದೆ. ಗಡಿಯಾರ ಮಾತ್ರ ಯಾರಿಗೂ ಕಾಯುವುದಿಲ್ಲ.

ಓದು ನಿಧಾನವಾಗುವುದಕ್ಕೆ ಕಿವಿಗೂ ಸಂಬಂಧವಿದೆ ಎಂಬುದನ್ನು ನಾವು ಗಮನಿಸುವುದಿಲ್ಲ. ಕನ್ನಡವನ್ನು ನಾವು ಸರಾಗವಾಗಿ ಓದುವುದೇಕೆಂದರೆ, ಅಕ್ಷರ ಕಲಿಯುವ ಮೊದಲೇ ಅದು ನಮ್ಮ ಕಿವಿಯಲ್ಲಿತ್ತು. ವಾಕ್ಯ ಎಲ್ಲಿ ತಿರುಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಕಿವಿಗೆ ಗೊತ್ತು. ಇಂಗ್ಲಿಷ್‌ನ ವಿಷಯದಲ್ಲಿ ಇದು ತಲೆಕೆಳಗಾಗಿದೆ. ಅಕ್ಷರ ಮೊದಲು ಬಂತು. ಧ್ವನಿ ಬರಲೇ ಇಲ್ಲ. ಹತ್ತು ಹನ್ನೆರಡು ವರ್ಷ ಇಂಗ್ಲಿಷ್ ಓದಿದ ವಿದ್ಯಾರ್ಥಿಗೆ ಹತ್ತು ನಿಮಿಷಗಳ ಇಂಗ್ಲಿಷ್ ವಾರ್ತೆಯನ್ನು ಕೇಳಿ ಅದರ ತಿರುಳು ಹೇಳಲಾಗುವುದಿಲ್ಲ. ಸಿಯುಇಟಿಯಲ್ಲಾಗಲಿ ಕ್ಲಾಟ್‌ನಲ್ಲಾಗಲಿ ಆಲಿಸುವಿಕೆಯ ಪ್ರಶ್ನೆ ಇಲ್ಲ, ನಿಜ. ಆದರೆ ಪ್ರವೇಶ ಪಡೆದ ಮರುದಿನದಿಂದ ಪ್ರತಿ ತರಗತಿಯೂ ಆಲಿಸುವಿಕೆಯ ಪರೀಕ್ಷೆಯೇ. ಪ್ರಾಧ್ಯಾಪಕರ ಉಪನ್ಯಾಸ ಒಮ್ಮೆ ಮಾತ್ರ ಕೇಳಿಸುತ್ತದೆ. ಅದು ಅರ್ಥವಾಗದೆ, ಅರ್ಥವಾಗಲಿಲ್ಲ ಎಂದು ಹೇಳಲೂ ಆಗದೆ, ಮೊದಲ ವರ್ಷದಲ್ಲೇ ಊರಿಗೆ ಮರಳುವ ಮಕ್ಕಳ ನೋವು ಯಾವ ಅಂಕಿ-ಅಂಶದಲ್ಲೂ ದಾಖಲಾಗುವುದಿಲ್ಲ.

ಇಂಗ್ಲಿಷ್‌ನ ಬಗ್ಗೆ ನಮ್ಮಲ್ಲಿ ಹಿಂದೆ ಒಂದು ಸಂದೇಹವಿತ್ತು. ಅದು ಪರಕೀಯರ ಭಾಷೆ, ಅದರೊಂದಿಗೆ ಪರಕೀಯ ಸಂಸ್ಕೃತಿಯೂ ಬರುತ್ತದೆ ಎಂಬ ಭಯ. ಸರ್ ಸೈಯದ್ ಅಹ್ಮದ್ ಖಾನ್‌ರು ಎದುರಿಸಬೇಕಾಗಿ ಬಂದದ್ದು ಇದನ್ನೇ. ಇಂಗ್ಲಿಷ್‌ನ ಜ್ಞಾನಗ್ರಂಥಗಳನ್ನು ಉರ್ದುವಿಗೆ ತರಲು ಅವರು 1864ರಲ್ಲಿ ಗಾಝಿಪುರದಲ್ಲಿ ಸಂಸ್ಥೆಯೊಂದನ್ನು ಕಟ್ಟಿದರು. 1866ರಲ್ಲಿ ಉರ್ದು ಮತ್ತು ಇಂಗ್ಲಿಷ್ ಎರಡೂ ಇರುವ ಪತ್ರಿಕೆ ಹೊರಡಿಸಿದರು. 1875ರಲ್ಲಿ ಅಲೀಗಢದಲ್ಲಿ ಅವರು ಆರಂಭಿಸಿದ ವಿದ್ಯಾಸಂಸ್ಥೆ 1920ರಲ್ಲಿ ವಿಶ್ವವಿದ್ಯಾಲಯವಾಯಿತು. ಅವರ ಮೇಲೆ ಫತ್ವಾಗಳ ಸುರಿಮಳೆಯಾಯಿತು ಎಂಬುದೂ ಇತಿಹಾಸವೇ. ನಿಜವಾಗಿ, ಅನ್ಯ ಭಾಷೆಯ ಕಲಿಕೆ ನಮಗೆ ಹೊಸದಾಗಿರಬಾರದಿತ್ತು. ಯಹೂದಿಯರ ಪತ್ರಗಳನ್ನು ಓದಿ ಉತ್ತರಿಸಲಿಕ್ಕಾಗಿ ಅವರ ಬರಹವನ್ನು ಕಲಿಯುವಂತೆ ಪ್ರವಾದಿ(ಸ)ರು ಝೈದ್ ಬಿನ್ ಸಾಬಿತ್‌(ರ)ರಿಗೆ ಆದೇಶಿಸಿದ್ದರು; ಅವರು ಅರ್ಧ ತಿಂಗಳೊಳಗೆ ಅದನ್ನು ಕಲಿತರೆಂದು ಹದೀಸ್‌ನಲ್ಲಿದೆ.

ಇಂದು ಆ ಹಳೆಯ ಸಂದೇಹ ಬಹುಮಟ್ಟಿಗೆ ಇಲ್ಲವಾಗಿದೆ. ಅದರ ಜಾಗಕ್ಕೆ ಎರಡು ಹೊಸ ಭ್ರಮೆಗಳು ಬಂದಿವೆ. ಆಂಗ್ಲ ಮಾಧ್ಯಮ ಶಾಲೆಗೆ ಸೇರಿಸಿ ಶುಲ್ಕ ಕಟ್ಟಿದರೆ ಇಂಗ್ಲಿಷ್ ತಾನಾಗಿ ಬರುತ್ತದೆ ಎಂಬುದು ಮೊದಲನೆಯದು. ಫಲಕದಲ್ಲಿ ಮಾತ್ರ ಆಂಗ್ಲ ಮಾಧ್ಯಮವಿದ್ದು, ತರಗತಿಯಲ್ಲಿ ಪುಸ್ತಕದ ಸಾಲುಗಳನ್ನು ಕನ್ನಡದಲ್ಲಿ ವಿವರಿಸಿ ಮುಗಿಸುವ ಶಾಲೆಗಳು ಎಷ್ಟಿಲ್ಲ? ಕೊನೆಯ ಎರಡು ತಿಂಗಳು ಕೋಚಿಂಗ್‌ಗೆ ಕಳುಹಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಎರಡನೆಯದು. ಪ್ರಶ್ನೆಪತ್ರಿಕೆಯ ಸ್ವರೂಪ, ಸಮಯದ ಹಂಚಿಕೆ, ಉತ್ತರಿಸುವ ಜಾಣ್ಮೆ, ಇಷ್ಟನ್ನು ಕೋಚಿಂಗ್ ಕಲಿಸಬಲ್ಲುದು. ಆದರೆ ಕಿವಿಯನ್ನೂ ಕಣ್ಣನ್ನೂ ಒಂದು ಭಾಷೆಗೆ ಒಗ್ಗಿಸುವ ಕೆಲಸ ಎರಡು ತಿಂಗಳಲ್ಲಿ ಆಗುವಂಥದ್ದಲ್ಲ.

ಹಾಗಾದರೆ ದಾರಿ ಯಾವುದು? ಅಚ್ಚರಿಯೆಂದರೆ, ಆ ದಾರಿ ನಮ್ಮ ಮನೆಗಳಿಗೆ ಚಿರಪರಿಚಿತ. ಹಿಫ್ಝ್ ಮಾಡುವ ಮಗುವನ್ನೇ ನೋಡಿ. ಅದರ ಮನೆಮಾತು ಅರಬಿಯಲ್ಲ. ಆದರೆ ಅದು ಉಸ್ತಾದರ ಬಾಯಿಯಿಂದ ಕೇಳುತ್ತದೆ, ಹಾಗೆಯೇ ಹೇಳುತ್ತದೆ, ತಪ್ಪಿದರೆ ತಿದ್ದಿಸಿಕೊಳ್ಳುತ್ತದೆ. ಪ್ರತಿದಿನ ಹೊಸ ಸಬಕ್ ಇದೆ, ಅದರೊಂದಿಗೆ ಹಿಂದಿನದ್ದರ ಪುನರಾವರ್ತನೆಯೂ ಇದೆ. ಒಂದು ದಿನವೂ ತಪ್ಪುವಂತಿಲ್ಲ. ಮೊದಲು ಕಿವಿ, ಬಳಿಕ ನಾಲಗೆ, ಜೊತೆಗೆ ಕಣ್ಣು. ಹೀಗೆ ಕೆಲವೇ ವರ್ಷಗಳಲ್ಲಿ ಪವಿತ್ರ ಕುರ್‌ಆನಿನ ಪ್ರತಿ ಅಕ್ಷರವನ್ನೂ ಅದರ ಉಚ್ಚಾರದ ಸೂಕ್ಷ್ಮದೊಂದಿಗೆ ಹೇಳುವ ಹಾಫಿಝ್ ಸಿದ್ಧನಾಗುತ್ತಾನೆ. ಇನ್ನು ಕರಾವಳಿಯ ನಮ್ಮ ಮಕ್ಕಳಂತೂ ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಎಂದು ನಾಲ್ಕು ಭಾಷೆಗಳ ನಡುವೆ ಬೆಳೆಯುತ್ತಾರೆ. ಬಯಲುಸೀಮೆಯ ಮಗು ದಖ್ಖನಿ ಉರ್ದು ಮತ್ತು ಕನ್ನಡವನ್ನು ಒಂದೇ ಉಸಿರಲ್ಲಿ ಆಡುತ್ತದೆ. ಇಂಥ ಮಕ್ಕಳಿಗೆ ಇನ್ನೊಂದು ಭಾಷೆ ಕಲಿಯುವ ಸಾಮರ್ಥ್ಯವಿಲ್ಲ ಎಂದರೆ ನಂಬುವುದು ಹೇಗೆ? ಕೊರತೆ ಇರುವುದು ಸಾಮರ್ಥ್ಯದಲ್ಲಲ್ಲ, ದಿನನಿತ್ಯದ ಅಭ್ಯಾಸದಲ್ಲಿ.

ಆದ್ದರಿಂದ ಪ್ರಥಮ ಪಿಯುಸಿಗೆ ಸೇರಿದ ದಿನದಿಂದಲೇ ಪ್ರತಿದಿನ ಅರ್ಧ ಗಂಟೆ ಇಂಗ್ಲಿಷ್‌ಗೆ ಮೀಸಲಿಡಬೇಕೆಂಬುದು ನಮ್ಮ ಆಗ್ರಹ. ಫಜ್ರ್‌ನ ಬಳಿಕವಾಗಲಿ, ಮಗ್ರಿಬ್ ಮತ್ತು ಇಶಾದ ನಡುವೆಯಾಗಲಿ, ಸಮಯ ನಿಶ್ಚಿತವಾಗಿರಬೇಕು. ಮೊದಲ ಹತ್ತು ಹದಿನೈದು ನಿಮಿಷ ಕೇಳುವುದಕ್ಕೆ. ಆಕಾಶವಾಣಿಯ ಇಂಗ್ಲಿಷ್ ವಾರ್ತೆ ಆರಂಭಕ್ಕೆ ಒಳ್ಳೆಯದು. ಉಚ್ಚಾರ ನಮ್ಮದೇ, ವಿಷಯವೂ ಪರಿಚಿತ. ಬಳಿಕ ಬಿಬಿಸಿಯ ‘6 ಮಿನಿಟ್ ಇಂಗ್ಲಿಷ್’ನಂಥ ಕಾರ್ಯಕ್ರಮಗಳು ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತವೆ, ಮಾತಿನ ಲಿಖಿತ ರೂಪವೂ ಜೊತೆಗಿರುತ್ತದೆ. ಮೊದಲ ಬಾರಿ ಏನನ್ನೂ ನೋಡದೆ ಕೇಳಬೇಕು ಮತ್ತು ಅರ್ಥವಾದುದನ್ನು ಎರಡು ಸಾಲಿನಲ್ಲಿ ಬರೆಯಬೇಕು. ಎರಡನೇ ಬಾರಿ ಲಿಖಿತ ರೂಪವನ್ನು ನೋಡುತ್ತಾ ಕೇಳಿ, ಕಿವಿ ಎಲ್ಲಿ ತಪ್ಪಿತು ಎಂದು ಗುರುತಿಸಬೇಕು. ಮೂರನೇ ಬಾರಿ ಜೊತೆಜೊತೆಗೆ ಗಟ್ಟಿಯಾಗಿ ಹೇಳಬೇಕು. ಪರದೆಯಡಿಯ ಬರಹವನ್ನು ಓದುತ್ತಾ ವೀಡಿಯೋ ನೋಡುವುದು ಕೇಳುವ ಅಭ್ಯಾಸವಲ್ಲ. ಅಲ್ಲಿ ಕೆಲಸ ಮಾಡುವುದು ಕಣ್ಣು ಮಾತ್ರ.

ಐಇಎಲ್‌ಟಿಎಸ್‌ನಂಥ ಪರೀಕ್ಷೆ ಬರೆಯುವವರು ಇನ್ನೂ ಕೆಲವನ್ನು ರೂಢಿಸಿಕೊಳ್ಳಬೇಕು. ಧ್ವನಿ ಆರಂಭವಾಗುವ ಮೊದಲು ಪ್ರಶ್ನೆಗಳನ್ನು ಓದಲು ಸ್ವಲ್ಪ ಸಮಯ ಸಿಗುತ್ತದೆ. ಉತ್ತರ ಒಂದು ಹೆಸರೋ, ದಿನಾಂಕವೋ, ಸ್ಥಳವೋ ಎಂದು ಆಗಲೇ ಊಹಿಸಿಕೊಂಡರೆ ಕಿವಿ ಸಿದ್ಧವಾಗಿರುತ್ತದೆ. ಮಾತಾಡುವವರು ಮೊದಲು ಮಂಗಳವಾರ ಎಂದು ಹೇಳಿ, ಬಳಿಕ ತಿದ್ದಿಕೊಂಡು ಗುರುವಾರ ಎನ್ನುತ್ತಾರೆ. ಅವಸರದವರು ಮಂಗಳವಾರವನ್ನೇ ಬರೆದು ಮುಂದೆ ಹೋಗುತ್ತಾರೆ. ‘ಥರ್ಟೀನ್’ ಮತ್ತು ‘ಥರ್ಟಿ’ ನಡುವಿನ ವ್ಯತ್ಯಾಸ ಅಭ್ಯಾಸವಿಲ್ಲದ ಕಿವಿಗೆ ಕೇಳಿಸುವುದಿಲ್ಲ. ಕಾಗುಣಿತ ತಪ್ಪಿದರೆ ಅಂಕವಿಲ್ಲ. ಎರಡು ಪದಗಳಲ್ಲಿ ಉತ್ತರಿಸಿ ಎಂದಿರುವಲ್ಲಿ ಮೂರು ಪದ ಬರೆದರೂ ಅಂಕವಿಲ್ಲ. ಒಂದು ಪ್ರಶ್ನೆ ತಪ್ಪಿಹೋದರೆ ಅದನ್ನೇ ಚಿಂತಿಸುತ್ತಾ ಕೂರದೆ ಮುಂದಿನದ್ದಕ್ಕೆ ಸಾಗುವುದೂ ಒಂದು ಕಲಿಕೆಯೇ. ನಮ್ಮ ಹಳೆಯ ಶಾಲೆಗಳಲ್ಲಿದ್ದ ಉಕ್ತಲೇಖನ ಇದಕ್ಕೆಲ್ಲ ಇಂದಿಗೂ ಉತ್ತಮ ತರಬೇತಿ. ಒಬ್ಬರು ಓದುವುದು, ಇನ್ನೊಬ್ಬರು ಬರೆಯುವುದು. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಉಳಿದ ಸಮಯ ಓದಿಗೆ. ‘ದಿ ಹಿಂದೂ’ ಅಥವಾ ‘ಡೆಕ್ಕನ್ ಹೆರಾಲ್ಡ್’ನಂಥ ಪತ್ರಿಕೆಯ ಒಂದು ಲೇಖನ ಸಾಕು. ಗೊತ್ತಿಲ್ಲದ ಪದ ಬಂದಲ್ಲೆಲ್ಲ ನಿಂತು ನಿಘಂಟು ತೆರೆಯುವ ಅಗತ್ಯವಿಲ್ಲ. ಹಿಂದು-ಮುಂದಿನ ವಾಕ್ಯಗಳಿಂದ ಅರ್ಥ ಊಹಿಸಿ ಮುಂದೆ ಸಾಗಬೇಕು; ಓದಿ ಮುಗಿದ ಬಳಿಕ ನಿಘಂಟು ನೋಡಿ ಆ ಊಹೆ ಸರಿಯೇ ಎಂದು ಪರಿಶೀಲಿಸಬೇಕು. ಆ ಬಳಿಕ ಲೇಖಕರು ಏನು ಹೇಳುತ್ತಿದ್ದಾರೆಂದು ಒಂದೇ ವಾಕ್ಯದಲ್ಲಿ, ಕನ್ನಡದಲ್ಲೋ ಉರ್ದುವಿನಲ್ಲೋ ಆದರೂ ಸರಿ, ಬರೆದಿಡಬೇಕು. ಅದು ಬರೆಯಲಾಗದಿದ್ದರೆ ಲೇಖನ ಅರ್ಥವಾಗಿಲ್ಲ ಎಂದೇ ಅರ್ಥ. ವಾರಕ್ಕೊಮ್ಮೆ ಗಡಿಯಾರ ಎದುರಿಟ್ಟು ಹಳೆಯ ಪ್ರಶ್ನೆಪತ್ರಿಕೆಯೊಂದಕ್ಕೆ ಉತ್ತರಿಸಬೇಕು. ಸಿಯುಇಟಿ ಕಂಪ್ಯೂಟರಿನಲ್ಲಿ ನಡೆಯುವುದರಿಂದ, ದೀರ್ಘ ಬರಹವನ್ನು ಪರದೆಯ ಮೇಲೆ ಓದುವ ಅಭ್ಯಾಸವೂ ಇರಬೇಕು. ಎರಡೂ ಪರೀಕ್ಷೆಗಳಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿರುವುದರಿಂದ, ಕಣ್ಣುಮುಚ್ಚಿ ಗುರುತು ಹಾಕುವ ಚಪಲವನ್ನು ಬಿಡಬೇಕು.

ಐಇಎಲ್‌ಟಿಎಸ್‌ನ ಓದಿನ ಪರೀಕ್ಷೆಯಲ್ಲಿ ಒಂದು ವಿಶಿಷ್ಟ ಬಗೆಯ ಪ್ರಶ್ನೆಯಿದೆ. ಒಂದು ಹೇಳಿಕೆ ಕೊಟ್ಟು ಅದು ಸರಿಯೇ, ತಪ್ಪೇ, ಅಥವಾ ಗದ್ಯಭಾಗದಲ್ಲಿ ಆ ಬಗ್ಗೆ ಏನೂ ಹೇಳಿಲ್ಲವೇ ಎಂದು ಕೇಳಲಾಗುತ್ತದೆ. ಉದಾಹರಣೆಗೆ, ಒಂದು ಊರಿನ ಗ್ರಂಥಾಲಯ 1990ರಲ್ಲಿ ಆರಂಭವಾಯಿತು ಎಂದಷ್ಟೇ ಗದ್ಯಭಾಗದಲ್ಲಿದೆ ಎಂದಿಟ್ಟುಕೊಳ್ಳಿ. ಅದು ಆ ಊರಿನ ಮೊತ್ತಮೊದಲ ಗ್ರಂಥಾಲಯ ಎಂಬ ಹೇಳಿಕೆ ಸರಿಯೇ? ಸರಿಯೂ ಅಲ್ಲ, ತಪ್ಪೂ ಅಲ್ಲ. ಆ ಬಗ್ಗೆ ಅಲ್ಲಿ ಮಾತೇ ಇಲ್ಲ. ಹೆಚ್ಚಿನ ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಬರೆದಿರುವುದು ಯಾವುದು, ನಾವೇ ಕಲ್ಪಿಸಿಕೊಂಡದ್ದು ಯಾವುದು ಎಂಬುದನ್ನು ಬೇರ್ಪಡಿಸುವ ಈ ಎಚ್ಚರ ಕೇವಲ ಪರೀಕ್ಷೆಗೆ ಬೇಕಾದುದಲ್ಲ. ವಾಟ್ಸಾಪಿನಲ್ಲಿ ಬಂದುದನ್ನೆಲ್ಲ ಸತ್ಯವೆಂದು ನಂಬಿ ಊರಿಗೆ ಊರೇ ಉದ್ವಿಗ್ನಗೊಳ್ಳುವ ಈ ಕಾಲದಲ್ಲಿ, ಹೀಗೆ ಓದಬಲ್ಲ ಯುವಕ-ಯುವತಿಯರು ಸಮುದಾಯಕ್ಕೂ ದೇಶಕ್ಕೂ ಬೇಕಾಗಿದ್ದಾರೆ.

‘ನಮಗೆ ಇಂಗ್ಲಿಷ್ ಬರುವುದಿಲ್ಲ, ಮಕ್ಕಳಿಗೆ ನಾವೇನು ಕಲಿಸಲಿ?’ ಎಂದು ಕೇಳುವ ಹೆತ್ತವರಿದ್ದಾರೆ. ಸರ್ ಸೈಯದ್‌ರಿಗೇ ಇಂಗ್ಲಿಷ್‌ನ ಮೇಲೆ ಹೇಳಿಕೊಳ್ಳುವಂಥ ಹಿಡಿತವಿರಲಿಲ್ಲ. ಆದರೆ ಅವರ ಮಗ ಸೈಯದ್ ಮಹ್ಮೂದ್ ಕೇಂಬ್ರಿಜ್‌ನಲ್ಲಿ ಓದಿ ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶರಾದರು. ಮಗು ಓದುವಾಗ ತಾಯಿ ಬಳಿಯಲ್ಲಿ ಕೂತು, ‘ಈಗ ಕೇಳಿದ್ದರಲ್ಲಿ ಏನಿತ್ತು, ನನಗೆ ಹೇಳು’ ಎಂದರೆ ಸಾಕು. ತಾಯಿಗೆ ಅರ್ಥವಾಗುವಂತೆ ತನ್ನ ಮಾತಿನಲ್ಲಿ ವಿವರಿಸಬಲ್ಲ ಮಗುವಿಗೆ ಆ ವಿಷಯ ನಿಜಕ್ಕೂ ಅರ್ಥವಾಗಿದೆ. ಗಲ್ಫ್‌ನಲ್ಲಿರುವ ತಂದೆ ದಿನವೂ ಫೋನಿನಲ್ಲಿ ‘ಊಟ ಆಯಿತೇ’ ಎಂದು ಕೇಳುವುದರ ಜೊತೆಗೆ ‘ಇಂದು ಏನು ಓದಿದೆ’ ಎಂದೂ ಕೇಳಲಿ. ಆ ಅರ್ಧ ಗಂಟೆಯಲ್ಲಿ ಮನೆಯ ಟಿವಿ ಆಫ್ ಆಗಿರಲಿ. ಹೆಣ್ಣು ಮಕ್ಕಳನ್ನು ಆ ಹೊತ್ತಿನಲ್ಲಿ ಅಡುಗೆ ಕೋಣೆಗೆ ಕರೆಯದಿರುವುದೂ ಹೆತ್ತವರ ಹೊಣೆ. ಅಣ್ಣನ ಪರೀಕ್ಷೆಗೆ ಮನೆಯಿಡೀ ಮೌನವಾಗುವುದು, ತಂಗಿಯ ಪರೀಕ್ಷೆಯ ದಿನವೂ ಅವಳೇ ರೊಟ್ಟಿ ತಟ್ಟುವುದು ನ್ಯಾಯವಲ್ಲ.

ಎಲ್ಲ ಭಾರವನ್ನು ಮನೆಯ ಮೇಲೆ ಹೊರಿಸುವುದೂ ತರವಲ್ಲ. ಇಂಗ್ಲಿಷ್ ಪತ್ರಿಕೆ ಬರುವ, ಇಂಗ್ಲಿಷ್ ಮಾತು ಕಿವಿಗೆ ಬೀಳುವ ನಗರದ ಮನೆಯ ಮಗುವನ್ನೂ, ಸಣ್ಣ ಪಟ್ಟಣದ ಉರ್ದು ಅಥವಾ ಕನ್ನಡ ಮಾಧ್ಯಮದ ಮಗುವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಪರೀಕ್ಷೆಯಲ್ಲಿ ಅಸಮಾನತೆ ಇದೆ. ಈ ಅಂತರವನ್ನು ಮುಚ್ಚುವುದು ಸರಕಾರದ ಹೊಣೆ. ಪ್ರತಿ ಸರಕಾರಿ ಪಿಯು ಕಾಲೇಜಿಗೆ ಇಂಗ್ಲಿಷ್ ಪತ್ರಿಕೆಗಳು, ಆಲಿಸಿ ಕಲಿಯುವ ವ್ಯವಸ್ಥೆ, ಖಾಯಂ ಇಂಗ್ಲಿಷ್ ಉಪನ್ಯಾಸಕರು ಬೇಕೆಂದು ಕೇಳುವುದು ನಮ್ಮ ಹಕ್ಕು. ಇದು ಮುಸ್ಲಿಮರ ಬೇಡಿಕೆ ಮಾತ್ರವಲ್ಲ. ಅದೇ ಕಾಲೇಜಿನಲ್ಲಿ ಓದುವ ದಲಿತ, ಹಿಂದುಳಿದ, ಬಡ ಕುಟುಂಬಗಳ ಎಲ್ಲ ಮಕ್ಕಳ ಬೇಡಿಕೆ.

ಜಮಾಅತ್‌ಗಳೂ ಸುಮ್ಮನಿರುವಂತಿಲ್ಲ. ಮಸೀದಿಯ ಪಕ್ಕದ ಸಭಾಂಗಣ ವಾರದ ಹೆಚ್ಚಿನ ದಿನ ಬೀಗ ಹಾಕಿಕೊಂಡಿರುತ್ತದೆ. ಅಲ್ಲಿ ಒಂದು ಮೇಜು, ಎರಡು ಇಂಗ್ಲಿಷ್ ಪತ್ರಿಕೆ, ಒಂದು ಸ್ಪೀಕರ್, ಒಂದೆರಡು ಕಂಪ್ಯೂಟರ್ ಇಡಲು ಒಂದು ಅಭಿನಂದನಾ ಸಭೆಯ ಖರ್ಚು ಸಾಕು. ಕಲಿಸುವವರು ಎಲ್ಲಿ ಎಂಬ ಪ್ರಶ್ನೆ ಬೇಡ. ಬಿಎಡ್ ಮಾಡಿ, ಎಂಎ ಮಾಡಿ, ಮದುವೆಯ ಬಳಿಕ ಮನೆಯಲ್ಲಿರುವ ಹೆಣ್ಣು ಮಕ್ಕಳು ಎಷ್ಟು ಮಂದಿಯಿಲ್ಲ? ವರ್ಷಗಟ್ಟಲೆ ಗಲ್ಫ್‌ನ ಕಚೇರಿಗಳಲ್ಲಿ ಇಂಗ್ಲಿಷ್‌ನಲ್ಲೇ ವ್ಯವಹರಿಸಿ ಊರಿಗೆ ಮರಳಿದವರು ಎಷ್ಟಿಲ್ಲ? ಅವರನ್ನು ಗೌರವದಿಂದ ಕರೆದು ವಾರಕ್ಕೆ ಎರಡು ಗಂಟೆ ಕೇಳಬೇಕು. ಸಿಯುಇಟಿ, ಕ್ಲಾಟ್‌ಗಳ ಅರ್ಜಿ ಯಾವಾಗ, ಎಲ್ಲಿ ಸಲ್ಲಿಸಬೇಕೆಂಬ ಮಾಹಿತಿಯನ್ನು ಜುಮಾದ ಬಳಿಕ ಪ್ರಕಟಿಸಬೇಕು.

ಒಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ಇಂಗ್ಲಿಷ್ ಕಲಿಯುವುದೆಂದರೆ ಕನ್ನಡವನ್ನೋ ಉರ್ದುವನ್ನೋ ಬ್ಯಾರಿಯನ್ನೋ ಕೀಳಾಗಿ ಕಾಣುವುದಲ್ಲ. ಸ್ವಂತ ಭಾಷೆಯಲ್ಲಿ ಒಂದು ಪುಸ್ತಕವನ್ನೂ ಓದದ ಮಗು ಇಂಗ್ಲಿಷ್‌ನ ಗದ್ಯಭಾಗವನ್ನೂ ಆಳವಾಗಿ ಗ್ರಹಿಸಲಾರದು. ಓದುವ ಬುದ್ಧಿ ಒಂದೇ, ಭಾಷೆ ಮಾತ್ರ ಬೇರೆ. ಸಿಯುಇಟಿಯ ವಿಷಯ ಪತ್ರಿಕೆಗಳನ್ನು ಕನ್ನಡ ಮತ್ತು ಉರ್ದು ಸೇರಿದಂತೆ 13 ಭಾಷೆಗಳಲ್ಲಿ ಬರೆಯಬಹುದು ಎಂಬುದೂ ನಮ್ಮ ಅನೇಕ ವಿದ್ಯಾರ್ಥಿಗಳಿಗೆ ತಿಳಿದಿಲ್ಲ. ಆ ಅವಕಾಶವನ್ನು ಬಳಸಿಕೊಳ್ಳಲಿ, ಜೊತೆಗೆ ಇಂಗ್ಲಿಷನ್ನೂ ಗಳಿಸಿಕೊಳ್ಳಲಿ.

ಲೆಕ್ಕ ಸರಳವಾಗಿದೆ. ದಿನಕ್ಕೆ ಅರ್ಧ ಗಂಟೆಯಂತೆ, ರಜೆ-ಹಬ್ಬಗಳನ್ನು ಕಳೆದರೂ, ಎರಡು ವರ್ಷಗಳಲ್ಲಿ ಸುಮಾರು 300 ಗಂಟೆಗಳ ಅಭ್ಯಾಸವಾಗುತ್ತದೆ. ದಿನಕ್ಕೆ ಎರಡು ಗಂಟೆಯಂತೆ ಒಂದು ತಿಂಗಳ ಕೋಚಿಂಗ್ ನೀಡುವುದು 60 ಗಂಟೆ ಮಾತ್ರ. ಮೊದಲನೆಯದಕ್ಕೆ ಬೇಕಾದುದು ಶಿಸ್ತು. ಎರಡನೆಯದಕ್ಕೆ ಸಾವಿರಾರು ರೂಪಾಯಿ. ಈ ವರ್ಷ ಪ್ರಥಮ ಪಿಯುಸಿಗೆ ಸೇರಿದ ಮಕ್ಕಳ ಮುಂದೆ ಆ 300 ಗಂಟೆಗಳು ಇನ್ನೂ ಇವೆ. ಅದರಲ್ಲಿ ಮೊದಲ ಅರ್ಧ ಗಂಟೆ ಇಂದು ಸಂಜೆಯೇ ಆರಂಭವಾಗಬೇಕು.